ಮರದ ಕೆತ್ತನೆಯ ನಯ: ಖರ್ಚು ಎಲ್ಲಿ, ಉಳಿತಾಯ ಎಲ್ಲಿ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮರಗೆಲಸದ ಉದ್ಯಮವು ಉಳಿ-ಸುತ್ತಿಗೆಯ ಕಾಲವನ್ನು ದಾಟಿ ಬಹುದೂರ ಬಂದಿದೆ. ಮರಗೆಲಸದ ಯಂತ್ರಗಳಿಗೆ ಹೆಸರಾದ ಇಟಲಿಯ ಬಿಯೆಸ್ಸೆ ಸಂಸ್ಥೆಯು ನೆಲಮಂಗಲ ತಾಲ್ಲೂಕಿನ ಜಕ್ಕಸಂದ್ರದಲ್ಲಿ ನೆಲೆಯೂರಿತು. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 2024ರ ಫೆಬ್ರವರಿಯಲ್ಲಿ ಇಂಡಿಯಾವುಡ್ ಮೇಳ ನಡೆಯಿತು. ಯಂತ್ರಕ್ಕಾಗಿ ದೂರ ಹೋಗಬೇಕಾಗಿಲ್ಲ. ಹೀಗಿದ್ದರೂ ಸಿಎನ್‌ಸಿ ರೌಟರ್‌ನಿಂದ ಇಳಿಸಿದ ಬಾಗಿಲ ಹಲಗೆಯನ್ನು ಕಾರ್ಮಿಕರು ಗಂಟೆಗಟ್ಟಲೆ ಉಪ್ಪುಕಾಗದದಿಂದ ಉಜ್ಜಬೇಕಾಗುವುದೇಕೆ?

ಲಕ್ಷಾಂತರ ರೂಪಾಯಿ ಯಂತ್ರಕ್ಕೆ ತೊಡಗಿಸಿ, ಕೆಲವು ನೂರು ರೂಪಾಯಿಗಳನ್ನು ಕಟರ್‌ನಲ್ಲಿ ಉಳಿಸಲು ಹೊರಡುವುದೇ ಇದಕ್ಕೆ ಮುಖ್ಯ ಕಾರಣ. ತೇಗದಲ್ಲಿರುವ ಸಿಲಿಕಾ ಅಂಶವು ಕಟರ್‌ನ ಅಲಗನ್ನು ಬೇಗ ಮೊಂಡಾಗಿಸುತ್ತದೆ. ಮೊಂಡು ಅಲಗು ಮರವನ್ನು ಕತ್ತರಿಸದೆ ನಾರನ್ನು ಹರಿಯುತ್ತದೆ. ಆಗ ಆಪರೇಟರ್ ವೇಗವನ್ನು ತಗ್ಗಿಸುತ್ತಾನೆ. ತೊಂದರೆ ಇಮ್ಮಡಿಯಾಗುವುದು ಅಲ್ಲಿಯೇ. ನಿಮಿಷಕ್ಕೆ 18,000 ಸುತ್ತು ತಿರುಗುವ ಎರಡು ಅಲಗಿನ ಕಟರ್ 5.4 ಮೀಟರ್ ಸಾಗಿದರೆ ಪ್ರತಿ ಅಲಗಿಗೆ 0.15 ಮಿ.ಮೀ. ಮರ ದೊರೆಯುತ್ತದೆ. ಸುತ್ತನ್ನು ಇಳಿಸದೆ ಸಾಗುವ ವೇಗವನ್ನು ಮಾತ್ರ 1.8 ಮೀಟರ್‌ಗೆ ಇಳಿಸಿದರೆ ಅದು 0.05 ಆಗಿ, ಅಲಗು ಉಜ್ಜತೊಡಗುತ್ತದೆ, ಮರ ಕಪ್ಪಾಗುತ್ತದೆ. ನಿಧಾನವೇ ನಯವೆಂಬ ನಂಬಿಕೆ ಇಲ್ಲಿ ನಡೆಯದು.

ಇನ್ನು ಗೆರೆಗಳ ವಿಷಯ. ಉಬ್ಬುಕೆತ್ತನೆಯಲ್ಲಿ ಗುಂಡುತುದಿಯ ಕಟರ್ ಸಾಲು ಸಾಲಾಗಿ ಸಾಗುವಾಗ ನಡುವೆ ಸಣ್ಣ ದಿಣ್ಣೆಗಳು ಉಳಿಯುತ್ತವೆ. 6 ಮಿ.ಮೀ. ಕಟರ್‌ನಲ್ಲಿ ಸಾಲುಗಳ ಅಂತರ 1.2 ಮಿ.ಮೀ. ಇದ್ದರೆ ದಿಣ್ಣೆಯ ಎತ್ತರ ಸುಮಾರು 0.06 ಮಿ.ಮೀ.; ಅಂತರವನ್ನು ಅರ್ಧಕ್ಕಿಳಿಸಿದರೆ 0.015, ಅಂದರೆ ಕಾಲುಭಾಗ. ಆದರೆ 600 ಮಿ.ಮೀ. ಅಗಲ, 900 ಮಿ.ಮೀ. ಉದ್ದದ ಹಲಗೆಗೆ 500 ಸಾಲುಗಳ ಬದಲು 1,000 ಸಾಲುಗಳಾಗುತ್ತವೆ. ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಎರಡೂವರೆ ಗಂಟೆಯ ಕೆಲಸ ಐದು ಗಂಟೆಗೆ ಏರುತ್ತದೆ. ಉದ್ಯಮಿಗಳು ಹಿಂಜರಿಯುವುದು ಸಹಜ. ವಿನ್ಯಾಸ ಒಪ್ಪುವಲ್ಲಿ 12 ಮಿ.ಮೀ. ಕಟರ್ ಬಳಸಿದರೆ ಅದೇ 1.2 ಅಂತರದಲ್ಲಿ, ಅದೇ ಸಮಯದಲ್ಲಿ ದಿಣ್ಣೆ ಅರ್ಧಕ್ಕಿಳಿಯುತ್ತದೆ. ಸಣ್ಣ ಕಟರ್ ಸೂಕ್ಷ್ಮ ಭಾಗಗಳಿಗೆ ಸಾಕು. ಉಜ್ಜಿ ನಯಗೊಳಿಸಿದಲ್ಲಿ ದಿಣ್ಣೆಯ ಜೊತೆಗೆ ಹೂಬಳ್ಳಿಯ ಅಂಚೂ ಸವೆದುಹೋಗುತ್ತದೆ, ಕೂಲಿಯಂತೂ ಪ್ರತ್ಯೇಕ. ನೂಲಿನ ದೋಷವನ್ನು ಗಂಜಿಯಿಂದ ಮರೆಮಾಡಲಾಗದೆಂಬುದನ್ನು ದೊಡ್ಡಬಳ್ಳಾಪುರದ ಮಗ್ಗದವರಿಗೆ ಯಾರೂ ಕಲಿಸಬೇಕಾಗಿಲ್ಲ!

ಹಸಿ ಮರದ ಮೇಲೆ ಈ ಲೆಕ್ಕಗಳೆಲ್ಲ ವ್ಯರ್ಥ. ತೇವಾಂಶ ಶೇ. 8ರಿಂದ 12ರೊಳಗೆ ಇರುವಂತೆ ಹದಮಾಡಿದ ಮರವನ್ನೇ ಯಂತ್ರಕ್ಕೇರಿಸಬೇಕು.

ಗ್ರಾಹಕರ ಪಾಲೂ ಇದರಲ್ಲಿದೆ. ಚದರಡಿಗೆ ಇಷ್ಟೆಂದು ದರ ಕುದುರಿಸುವವರು ಸಾಲುಗಳ ಅಂತರವನ್ನು ಕೇಳುವುದೇ ಇಲ್ಲ. ಬಣ್ಣ ಬಳಿಯುವ ಹಲಗೆಗೂ ಪಾಲಿಷ್ ಮಾಡುವ ತೇಗಕ್ಕೂ ಒಂದೇ ದರ ನ್ಯಾಯವಲ್ಲ. ದರಪಟ್ಟಿಯಲ್ಲಿ ಕಟರ್‌ನ ಅಳತೆ, ಸಾಲುಗಳ ಅಂತರ, ಮರದ ತೇವಾಂಶ ಈ ಮೂರನ್ನೂ ನಮೂದಿಸುವ ಪದ್ಧತಿ ಜಾರಿಗೆ ಬಂದರೆ, ಕಡಿಮೆ ದರ ಹೇಳಿ ಕಳಪೆ ಕೆಲಸ ಕೊಡುವವರ ಎದುರು ಉತ್ತಮ ಘಟಕಗಳು ಸೋಲುವುದು ತಪ್ಪೀತು. ಆಪರೇಟರ್‌ಗಳ ತರಬೇತಿಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಸಮೀಪದಲ್ಲಿಯೇ ಇದೆ. ಹೊಸ ಯಂತ್ರಕ್ಕೆ ಸಾಲದ ಅರ್ಜಿ ಸಲ್ಲಿಸುವ ಘಟಕಗಳು ಕಟರ್ ಮತ್ತು ತರಬೇತಿಯ ವೆಚ್ಚವನ್ನೂ ಯೋಜನಾ ವರದಿಯಲ್ಲಿಯೇ ಸೇರಿಸುವುದು ಲೇಸು; ಕಂತು ಆರಂಭವಾದ ಮೇಲೆ ಆ ಹಣ ಒದಗುವುದು ಕಷ್ಟ.