ಬೇಡ ಎನ್ನುವವರೂ ಬೇಕು

ಮಕ್ಕಳಿಗಾಗಿ ಕಥೆ ಬರೆಯುವುದು ಸುಲಭವೆಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗಿದೆ. ದೊಡ್ಡವರ ಕಾದಂಬರಿಗಾದರೆ ಅನುಭವ ಬೇಕು, ಅಧ್ಯಯನ ಬೇಕು. ಮಕ್ಕಳಿಗೆ ಒಂದು ಮಾತಾಡುವ ಮೊಲ, ಒಂದು ಹಾರುವ ಕುದುರೆ, ಒಬ್ಬ ಮಾಂತ್ರಿಕ ಸಾಕು ಎಂದು ತಿಳಿದವರೇ ಹೆಚ್ಚು. ಹಿಂದೆ ಹೀಗೆ ತಿಳಿದು ಬರೆದವರ ಹಸ್ತಪ್ರತಿಗಳು ಪ್ರಕಾಶಕರ ಕಪಾಟಿನಲ್ಲೇ ಧೂಳು ತಿನ್ನುತ್ತಿದ್ದವು. ಈಗ ಹಾಗಲ್ಲ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಊರಿನ ಡಿ.ಟಿ.ಪಿ. ಅಂಗಡಿಯವರೇ ಪುಸ್ತಕ ಸಿದ್ಧಪಡಿಸಿ ಕೊಡುತ್ತಾರೆ. ಅಷ್ಟು ಹಣವೂ ಇಲ್ಲವೆಂದಾದರೆ 2007ರಿಂದ ಅಮೆಝಾನಿನ ಕಿಂಡಲ್ ವ್ಯವಸ್ಥೆಯಿದೆ. ಅಲ್ಲಿ ಯಾರೂ ಕಾಸಿಲ್ಲದೆ ತಮ್ಮ ಪುಸ್ತಕವನ್ನು ಲೋಕದ ಮುಂದಿಡಬಹುದು. ಅದನ್ನು ಪ್ರಕಟಣೆಗೆ ಮುಂಚೆ ಇನ್ನೊಬ್ಬರು ಓದಿರಲೇಬೇಕೆಂಬ ನಿಯಮವೇನೂ ಇಲ್ಲ.

ನಿಮ್ಮ ಮನೆಗೂ ಇಂತಹ ಪುಸ್ತಕ ಬಂದಿರಬಹುದು. ಹೊಳೆಯುವ ರಕ್ಷಾಪುಟ, ರೆಕ್ಕೆ ಬಿಚ್ಚಿದ ಡ್ರ್ಯಾಗನ್, ಬೆನ್ನ ಮೇಲೆ ಲೇಖಕರ ಭಾವಚಿತ್ರ. ಮಗು ಎರಡು ಪುಟ ಓದಿ ಮೂಲೆಗಿಡುತ್ತದೆ. "ಈಗಿನ ಮಕ್ಕಳಿಗೆ ಓದುವ ಅಭ್ಯಾಸವೇ ಇಲ್ಲ, ಮೊಬೈಲೇ ಸಾಕು" ಎಂದು ನಾವು ಮಗುವನ್ನು ಗದರುತ್ತೇವೆ. ಪುಸ್ತಕವನ್ನು ಗದರುವವರು ಯಾರು?

ಹಾಗೆಂದು ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದೇ ತಪ್ಪೆಂದು ಹೇಳುವವನು ನಾನಲ್ಲ. ಮಕ್ಕಳ ಕಲ್ಪನಾ ಕಥೆಗಳಲ್ಲಿ ಜಗತ್ತೇ ಮೆಚ್ಚಿದ ಕೆಲವು ಕೃತಿಗಳು ಲೇಖಕರ ಜೇಬಿನ ಹಣದಿಂದಲೇ ಬೆಳಕು ಕಂಡಿವೆ. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಎಂಬ ಹೆಸರು ಕೇಳದವರಿಲ್ಲ. ನಾ. ಕಸ್ತೂರಿಯವರು ಅದನ್ನು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದಿದ್ದಾರೆ. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಅದನ್ನು ಬರೆದ ಚಾರ್ಲ್ಸ್ ಡಾಜ್‌ಸನ್ ಆಕ್ಸ್‌ಫರ್ಡಿನಲ್ಲಿ ಗಣಿತದ ಉಪನ್ಯಾಸಕ. ಪ್ರಕಾಶಕರ ಜಾಗದಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಯ ಹೆಸರಿತ್ತಾದರೂ ಮುದ್ರಣದ ಖರ್ಚು, ಚಿತ್ರಕಾರನ ಸಂಭಾವನೆ ಎಲ್ಲವೂ ಆತನದೇ. ಸಂಸ್ಥೆಯವರು ಕಮಿಷನ್ ಪಡೆದು ಮಾರಿಕೊಡುವವರು ಮಾತ್ರ. ಲಾಭವಾದರೂ ನಷ್ಟವಾದರೂ ಅದು ಲೇಖಕನ ಪಾಲಿಗೆ.

ಆ ಕಥೆ ಹುಟ್ಟಿದ್ದು 1862ರ ಜುಲೈ 4ರಂದು. ಪರಿಚಯದ ಮೂವರು ಹೆಣ್ಣು ಮಕ್ಕಳೊಂದಿಗೆ ದೋಣಿಯಲ್ಲಿ ಹೋಗುವಾಗ ಹೊತ್ತು ಕಳೆಯಲೆಂದು ಆತ ಹೇಳಿದ ಕಥೆ ಅದು. ಅವರಲ್ಲೊಬ್ಬಳು ಅದನ್ನು ಬರೆದುಕೊಡೆಂದು ಹಠ ಹಿಡಿದಳು. ಆತ ಬರೆದ. ಆದರೆ ಮರುದಿನವೇ ಅಚ್ಚಿನ ಮನೆಗೆ ಓಡಲಿಲ್ಲ. ತನ್ನ ಸ್ನೇಹಿತ, ಸ್ವತಃ ಮಕ್ಕಳ ಕಥೆಗಾರನಾಗಿದ್ದ ಜಾರ್ಜ್ ಮ್ಯಾಕ್‌ಡೊನಾಲ್ಡನ ಮನೆಗೆ ಹಸ್ತಪ್ರತಿ ಕಳುಹಿಸಿದ. ಆ ಮನೆಯ ತಾಯಿ ಅದನ್ನು ತನ್ನ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದಳು. ಇಂತಹ ಪುಸ್ತಕದ ಅರವತ್ತು ಸಾವಿರ ಪ್ರತಿಗಳಿರಬೇಕಿತ್ತು ಎಂದನಂತೆ ಆರೇಳು ವರ್ಷದ ಅವರ ಮಗ ಗ್ರೆವಿಲ್. ನಮ್ಮಲ್ಲಾದರೆ ಇಷ್ಟು ಕೇಳಿದ ಮೇಲೆ ಬಿಡುಗಡೆ ಸಮಾರಂಭಕ್ಕೆ ಸಭಾಂಗಣ ಗೊತ್ತುಪಡಿಸುವುದೊಂದೇ ಬಾಕಿ. ಆತ ಮತ್ತೆ ಬರೆಯಲು ಕುಳಿತ. ಹದಿನೈದೂವರೆ ಸಾವಿರ ಪದಗಳಷ್ಟಿದ್ದ ಕಥೆ ಇಪ್ಪತ್ತೇಳೂವರೆ ಸಾವಿರಕ್ಕೆ ಬೆಳೆಯಿತು. ನಗುವನ್ನು ಮಾತ್ರ ಉಳಿಸಿ ಮಾಯವಾಗುವ ಬೆಕ್ಕು, ಹುಚ್ಚರ ಚಹಾ ಕೂಟ, ಇವೆರಡೂ ಮೊದಲ ಹಸ್ತಪ್ರತಿಯಲ್ಲಿ ಇರಲೇ ಇಲ್ಲವೆಂದರೆ ನೀವು ನಂಬುತ್ತೀರಾ? ಇಂದು ಆ ಪುಸ್ತಕದ ಹೆಸರೆತ್ತಿದರೆ ಮೊದಲು ನೆನಪಾಗುವುದೇ ಅವು.

ಇನ್ನೊಂದು ಸಂಗತಿ ಕೇಳಿ. 1865ರಲ್ಲಿ 2000 ಪ್ರತಿಗಳು ಅಚ್ಚಾದವು. ಲೇಖಕ ಗೆಳೆಯರಿಗೆ ಹಂಚಲೂ ಆರಂಭಿಸಿದ್ದ. ಅಷ್ಟರಲ್ಲಿ ಚಿತ್ರಕಾರ ಜಾನ್ ಟೆನಿಯಲ್, ಚಿತ್ರಗಳ ಮುದ್ರಣ ಸರಿಯಾಗಿಲ್ಲ, ಇದು ತನಗೆ ಒಪ್ಪಿಗೆಯಿಲ್ಲ ಎಂದು ತಿಳಿಸಿದ. ಹಣ ಕೊಟ್ಟವನು ಲೇಖಕ, ಚಿತ್ರಕಾರ ಹಣ ಪಡೆದವನು. "ನಿನ್ನ ಕೆಲಸವಾಯಿತು, ಸುಮ್ಮನಿರು" ಎನ್ನಬಹುದಿತ್ತು. ಆತ ಹಾಗೆನ್ನದೆ ಇಡೀ ಮುದ್ರಣವನ್ನೇ ಹಿಂದಕ್ಕೆ ಪಡೆದ. ಗೆಳೆಯರಿಗೆ ಕೊಟ್ಟಿದ್ದ ಪ್ರತಿಗಳನ್ನು ಕೂಡಾ ಮರಳಿ ಕೇಳಿ ತರಿಸಿಕೊಂಡ. ಹೀಗೆ ಮರಳಿ ಬಂದ ಪ್ರತಿಗಳು ಆಸ್ಪತ್ರೆಗಳಲ್ಲಿರುವ ಮಕ್ಕಳ ಪಾಲಾದವು. ಹೊಲಿಯದೆ ಉಳಿದ ಹಾಳೆಗಳನ್ನು ನ್ಯೂಯಾರ್ಕಿನ ಪ್ರಕಾಶಕರೊಬ್ಬರಿಗೆ ಮಾರಲಾಯಿತು. ಬೇರೆ ಮುದ್ರಣಾಲಯದಲ್ಲಿ ಹೊಸದಾಗಿ ಅಚ್ಚಾದ ಪುಸ್ತಕ ಅದೇ ವರ್ಷದ ನವೆಂಬರಿನಲ್ಲಿ ಹೊರಬಂತು. ಒಬ್ಬ ಕಾಲೇಜು ಮೇಷ್ಟ್ರ ಸಂಬಳದಲ್ಲಿ ಇದು ಸಣ್ಣ ಹೊಡೆತವಾಗಿರಲಿಲ್ಲ.

ಬಿಯಾಟ್ರಿಕ್ಸ್ ಪಾಟರ್ ಎಂಬ ಮಹಿಳೆಯದ್ದೂ ಇಂತಹದೇ ಕಥೆ. 1893ರಲ್ಲಿ ಕಾಯಿಲೆಯಿಂದ ಮಲಗಿದ್ದ ಪರಿಚಯದ ಮಗುವೊಂದಕ್ಕೆ ಬರೆದ ಸಚಿತ್ರ ಪತ್ರವೇ ಮುಂದೆ ‘ಪೀಟರ್ ಮೊಲ’ದ ಕಥೆಯಾಯಿತು. ಪ್ರಕಾಶಕರು ಒಬ್ಬರ ಹಿಂದೊಬ್ಬರಂತೆ ತಿರಸ್ಕರಿಸಿದಾಗ 1901ರ ಡಿಸೆಂಬರಿನಲ್ಲಿ ಆಕೆ ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಪುಸ್ತಕ ಪುಟ್ಟ ಕೈಗಳಿಗೆ ಹಿಡಿಸುವಂತಿರಬೇಕು, ಬೆಲೆ ಕಡಿಮೆಯಿರಬೇಕು ಎಂಬಲ್ಲಿ ಆಕೆ ಯಾರ ಮಾತನ್ನೂ ಕೇಳಲಿಲ್ಲ. ಆದರೆ ಫ್ರೆಡರಿಕ್ ವಾರ್ನ್ ಸಂಸ್ಥೆಯವರು ಬಣ್ಣದ ಚಿತ್ರಗಳಿದ್ದರೆ ಪ್ರಕಟಿಸುತ್ತೇವೆ ಎಂದಾಗ ಚಿತ್ರಗಳನ್ನು ಮತ್ತೆ ಬರೆದರು. ಕೆಲವನ್ನು ಕೈಬಿಡಲೂ ಒಪ್ಪಿದರು. ಎಲ್ಲಿ ಪಟ್ಟು ಹಿಡಿಯಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬುದು ಆಕೆಗೆ ಗೊತ್ತಿತ್ತು. 1902ರ ಅಕ್ಟೋಬರಿನಲ್ಲಿ ಬಂದ ಆ ಆವೃತ್ತಿಯ ಮೊದಲ ಮುದ್ರಣವೇ 8000 ಪ್ರತಿಗಳದ್ದು.

ನಮ್ಮ ಕಾಲದ ಉದಾಹರಣೆ ಬೇಕೆಂದರೆ ‘ಎರಗಾನ್’ ಇದೆ. ಅಮೆರಿಕದ ಮೊಂಟಾನಾದಲ್ಲಿ ಮನೆಯಲ್ಲೇ ಕಲಿತ ಕ್ರಿಸ್ಟೋಫರ್ ಪಾವೊಲಿನಿ ಅದನ್ನು ಬರೆಯತೊಡಗಿದಾಗ ಅವನಿಗೆ 15 ವರ್ಷ. ತಂದೆ ತಾಯಿಯೇ ತಿದ್ದಿ, 2002ರ ಹೊತ್ತಿಗೆ ತಮ್ಮದೇ ಸಣ್ಣ ಸಂಸ್ಥೆಯಿಂದ ಪ್ರಕಟಿಸಿದರು. ಹುಡುಗ ಹಳೆಯ ಕಾಲದ ವೇಷ ತೊಟ್ಟು ನೂರಕ್ಕೂ ಮಿಕ್ಕಿ ಶಾಲೆ, ಗ್ರಂಥಾಲಯ, ಅಂಗಡಿಗಳಿಗೆ ಹೋಗಿ ತನ್ನ ಪುಸ್ತಕದ ಬಗ್ಗೆ ಮಾತಾಡಿದ. ಕಾರ್ಲ್ ಹಯಾಸನ್ ಎಂಬ ಕಾದಂಬರಿಕಾರನ ಮಲಮಗ ಅದನ್ನೋದಿ ಮೆಚ್ಚಿದ್ದರಿಂದ ಸುದ್ದಿ ಕ್ನಾಫ್ ಪ್ರಕಾಶನಕ್ಕೆ ಮುಟ್ಟಿತು. ಮತ್ತೊಮ್ಮೆ ಸಂಪಾದನೆಗೊಂಡು 2003ರಲ್ಲಿ ಅದು ಲೋಕಪ್ರಸಿದ್ಧವಾಯಿತು. ಅದರಲ್ಲಿ ಬೇರೆ ಕಥೆಗಳ, ಮುಖ್ಯವಾಗಿ ಟೋಲ್ಕಿನ್ ಮತ್ತು ‘ಸ್ಟಾರ್ ವಾರ್ಸ್’ ಚಿತ್ರಗಳ ಎರವಲು ಬಹಳವಿದೆ ಎಂದು ವಿಮರ್ಶಕರು ದೂರಿದರು. ಆ ದೂರು ಸುಳ್ಳಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ಮಕ್ಕಳು ರಾತ್ರಿ ನಿದ್ದೆಗೆಟ್ಟು ಅದನ್ನು ಓದಿದರು ಎಂಬುದೂ ಸುಳ್ಳಲ್ಲ.

ಈ ಮೂವರೂ ತಮ್ಮ ದುಡ್ಡಿನಿಂದ ಪುಸ್ತಕ ತಂದವರು. ಆದರೆ ತಮ್ಮ ದುಡ್ಡೆಂಬ ಕಾರಣಕ್ಕೆ ತಮ್ಮ ಮಾತೇ ಕೊನೆಯದೆಂದು ಭಾವಿಸಿದವರಲ್ಲ. ಒಬ್ಬನಿಗೆ ಚಿತ್ರಕಾರನಿದ್ದ, ಇನ್ನೊಬ್ಬರಿಗೆ ಪ್ರಕಾಶಕರಿದ್ದರು, ಮತ್ತೊಬ್ಬನಿಗೆ ತಂದೆ ತಾಯಿಯೂ ಆ ಬಳಿಕ ಸಂಪಾದಕರೂ ಇದ್ದರು. "ಇದು ಸಾಲದು, ಇದು ಬೇಡ" ಎನ್ನುವ ಒಬ್ಬರು. ಇಂದು ಸುಲಭವಾಗಿ ಹೊರಬರುವ ಪುಸ್ತಕಗಳಿಗೆ ಇಲ್ಲದಿರುವುದು ಹಣವಲ್ಲ, ಕಲ್ಪನೆಯೂ ಅಲ್ಲ, ಆ ಒಬ್ಬರು.

ಕೃತಕ ಬುದ್ಧಿಮತ್ತೆ ಬಂದ ಮೇಲಂತೂ ಲೇಖಕನೇ ಪೂರ್ತಿ ಬರೆಯಬೇಕೆಂದೂ ಇಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಬ್ಬಾತ ಕೇವಲ ಒಂದು ವಾರಾಂತ್ಯದಲ್ಲಿ ಯಂತ್ರದಿಂದ ಕಥೆ ಬರೆಯಿಸಿ, ಯಂತ್ರದಿಂದಲೇ ಚಿತ್ರ ಮಾಡಿಸಿ, ಮಕ್ಕಳ ಪುಸ್ತಕವನ್ನು ಅಮೆಝಾನಿನಲ್ಲಿ ಮಾರಾಟಕ್ಕಿಟ್ಟ. ಚಿತ್ರಕಾರರು ಸಿಟ್ಟಿಗೆದ್ದರು. ಕಾಕತಾಳೀಯವೋ ಏನೋ, ಆ ಕಥೆಯ ಹುಡುಗಿಯ ಹೆಸರೂ ಆಲಿಸ್. ಹಿಂದಿನ ಆಲಿಸಳಿಗೆ ದೋಣಿಯಿಂದ ಅಂಗಡಿಗೆ ಬರಲು ಮೂರು ವರ್ಷಕ್ಕಿಂತ ಹೆಚ್ಚು ಬೇಕಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಅದೇ ಅಮೆಝಾನ್ ಒಂದು ಮಿತಿ ಹೇರಿತು: ಒಬ್ಬ ಲೇಖಕ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕಗಳನ್ನು ಸೇರಿಸುವಂತಿಲ್ಲ! ದಿನಕ್ಕೆ ಮೂರು. ನಾವು ಊಟ ಮಾಡುವುದೂ ಅಷ್ಟೇ ಸಲ.

ಐ.ಎಸ್.ಬಿ.ಎನ್. ಸಂಖ್ಯೆಯ ಬಗ್ಗೆಯೂ ಒಂದು ಮಾತು. ಹಿಂಬದಿಯಲ್ಲಿ ಗೆರೆಗೆರೆಯಾಗಿ ಆ 13 ಅಂಕಿಗಳನ್ನು ಕಂಡೊಡನೆ, ಸರಕಾರ ಒಪ್ಪಿದ ಪುಸ್ತಕ ಎಂದು ಭಾವಿಸುವ ಹೆತ್ತವರಿದ್ದಾರೆ. ಅದು ಪುಸ್ತಕವನ್ನು ಗುರುತಿಸುವ ನಂಬರ್ ಮಾತ್ರ, ಗಾಡಿಗೆ ನಂಬರ್ ಇದ್ದಂತೆ. ನಂಬರ್ ಪ್ಲೇಟ್ ನೋಡಿ ಬ್ರೇಕು ಸರಿಯಿದೆಯೆಂದು ಯಾರಾದರೂ ಹೇಳುತ್ತಾರೆಯೇ?

ಇನ್ನು ನಮ್ಮ ಕನ್ನಡದ ಪುಸ್ತಕಗಳಿಗೆ ಬನ್ನಿ. ಕನ್ನಡದ ಮಕ್ಕಳಿಗೆ 1949ರಿಂದ ದಶಕಗಳ ಕಾಲ ತಿಂಗಳು ತಿಂಗಳೂ ರಾಜಕುಮಾರ, ಬೇತಾಳ, ಮಾಂತ್ರಿಕರ ಕಥೆ ಹೇಳುತ್ತಿದ್ದ ‘ಚಂದಮಾಮ’ ಈಗಿಲ್ಲ. ಅಲ್ಲಿ ಬರೆದುದೆಲ್ಲ ಅಚ್ಚಾಗುತ್ತಿರಲಿಲ್ಲ, ಅಚ್ಚಾದುದು ಹಲವರ ಕಣ್ಣು ದಾಟಿಯೇ ಬರುತ್ತಿತ್ತು. ಈಗ ಆ ಜಾಗ ತುಂಬಲು ಹೊರಟಿರುವ ಅನೇಕ ಖಾಸಗಿ ಪುಸ್ತಕಗಳಲ್ಲಿ ಮೊದಲು ಎಡವುವುದು ಅಕ್ಷರದಲ್ಲೇ. ಕಂಪ್ಯೂಟರಿನಲ್ಲಿ ಒಂದು ಅಕ್ಷರಶೈಲಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರಗಳು ಎತ್ತಲೋ ಹೋಗಿರುತ್ತವೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಗೊಡವೆಯಂತೂ ಕೆಲವರಿಗೆ ಇಲ್ಲವೇ ಇಲ್ಲ. ದೊಡ್ಡವರು ಇದನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಓದುತ್ತಾರೆ. ಏಳು ವರ್ಷದ ಮಗುವಿಗೆ ಅದು ಸಾಧ್ಯವಿಲ್ಲ. ಅಚ್ಚಾದದ್ದೆಲ್ಲ ಸರಿಯೆಂದೇ ಅದರ ನಂಬಿಕೆ. ತರಗತಿಯಲ್ಲಿ ಕಾಗುಣಿತ ತಿದ್ದಲು ಹೋದರೆ, "ಪುಸ್ತಕದಲ್ಲಿ ಹೀಗೇ ಇದೆಯಲ್ಲ ಸರ್" ಎನ್ನುತ್ತದೆ. ಆಗ ಪಾಠ ಮಾಡುವವನು ಏನು ಹೇಳಬೇಕು? ಪುಸ್ತಕವೂ ಸುಳ್ಳು ಹೇಳುತ್ತದೆ ಎಂದೇ?

ಅಕ್ಷರದ ತಪ್ಪನ್ನು ತಿದ್ದಬಹುದು, ಕಥೆಯ ತಪ್ಪು ಅದಕ್ಕಿಂತ ಆಳದ್ದು. ಕಲ್ಪನಾ ಕಥೆಯಲ್ಲಿ ಏನು ಬೇಕಾದರೂ ನಡೆಯಬಹುದು ಎಂದು ಬರೆಯುವವರು ತಿಳಿದಿದ್ದಾರೆ. ನಿಜವಾಗಿ ಅಲ್ಲಿಯ ಕಾನೂನು ನಮ್ಮ ಲೋಕದ್ದಕ್ಕಿಂತಲೂ ಬಿಗಿ. ಆಲಿಸ್ ಸಾಮಾನ್ಯವಾಗಿ ಸುಮ್ಮನೆ ದೊಡ್ಡದಾಗುವುದಿಲ್ಲ, ಚಿಕ್ಕದಾಗುವುದಿಲ್ಲ. ಹೆಚ್ಚಿನ ಸಲ ಏನನ್ನಾದರೂ ಕುಡಿಯಬೇಕು, ತಿನ್ನಬೇಕು. ಅಣಬೆಯ ಒಂದು ಬದಿ ತಿಂದರೆ ಬೆಳೆಯುತ್ತಾಳೆ, ಇನ್ನೊಂದು ಬದಿ ತಿಂದರೆ ಕುಗ್ಗುತ್ತಾಳೆ. ಲೆಕ್ಕ ತಪ್ಪಿದರೆ ಫಜೀತಿ ಅವಳದೇ. ಪೀಟರ್ ಮೊಲದ ಅಪ್ಪ ಅದೇ ತೋಟಕ್ಕೆ ಹೋಗಿ ಮನುಷ್ಯರ ಅಡುಗೆಯಾದವನು. ಆದುದರಿಂದಲೇ ಮಗ ಬೇಲಿ ನುಸುಳುವಾಗ ಓದುವ ಮಗುವಿನ ಎದೆ ಡವಗುಟ್ಟುತ್ತದೆ. ನಮ್ಮ ಪುಸ್ತಕಗಳಲ್ಲೋ, ಹುಡುಗ ಕಷ್ಟಕ್ಕೆ ಸಿಲುಕಿದ ಕೂಡಲೇ ಎಲ್ಲಿಂದಲೋ ಒಬ್ಬ ಮುದುಕ ಬಂದು ಮಂತ್ರದ ಉಂಗುರ ಕೊಡುತ್ತಾನೆ. ಮುಂದಿನ ಪುಟದಲ್ಲಿ ಇನ್ನೊಂದು ಕಷ್ಟ, ಇನ್ನೊಬ್ಬ ಮುದುಕ. ಅಪಾಯವೇ ಇಲ್ಲದ ಕಾಡಿನಲ್ಲಿ ಮಗು ಎಷ್ಟು ಹೊತ್ತು ನಡೆದೀತು? ಕೊನೆಗೆ ಎಲ್ಲವೂ ಕನಸಾಗಿತ್ತು ಎಂದು ಮುಗಿಸುತ್ತಾರೆ. ಆಲಿಸಳ ಕಥೆಯೂ ಕನಸೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಅಲ್ಲಿ ಅವಳು ಎಚ್ಚರಗೊಳ್ಳುವುದು ಅನ್ಯಾಯದ ನ್ಯಾಯಾಲಯವೊಂದರಲ್ಲಿ ಎದ್ದು ನಿಂತು, ನೀವೆಲ್ಲ ಬರೀ ಇಸ್ಪೀಟೆಲೆಗಳೆಂದು ಮುಖದ ಮೇಲೆ ಹೇಳಿದ ಬಳಿಕ. ಬರೆಯಲು ತೋಚದೆ ಅವಳನ್ನು ಎಬ್ಬಿಸಿದ್ದಲ್ಲ.

ನೀತಿಯ ವಿಷಯದಲ್ಲಿ ನಿಮಗೂ ನನಗೂ ಸ್ವಲ್ಪ ಭಿನ್ನಾಭಿಪ್ರಾಯ ಬರಬಹುದು. ನಮ್ಮಂತಹವರ ಮನೆಗಳಲ್ಲಿ ಕಥೆಯ ಕೊನೆಗೆ ನೀತಿ ಇಲ್ಲದಿದ್ದರೆ ಕಥೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ನೀತಿ ಬೇಡವೆಂದು ನಾನು ಹೇಳುತ್ತಿಲ್ಲ. ಪಂಚತಂತ್ರದ ನರಿಗಳು ಅರಬಿಗೆ ಹೋಗಿ ‘ಕಲೀಲ ವ ದಿಮ್ನ’ದಲ್ಲಿ ಮಾತಾಡಿದ್ದು ಮನೋರಂಜನೆಗಾಗಿ ಮಾತ್ರವಲ್ಲ. ಆದರೆ ಅಲ್ಲಿ ನೀತಿ ನರಿಯ ಕುತಂತ್ರದೊಳಗೆ, ಎತ್ತಿನ ಸಾವಿನೊಳಗೆ ಬೆರೆತು ಹೋಗಿದೆ. ಕಥೆ ಸೊರಗಿದ್ದರೂ ನೀತಿ ಇದೆಯಲ್ಲ ಎಂಬ ಸಮಾಧಾನದಿಂದ ಕೊನೆಯ ಪುಟದಲ್ಲಿ ದಪ್ಪಕ್ಷರದ ವಾಕ್ಯವನ್ನು ಅಂಟಿಸುವುದು ಬೇರೆ. ಸಂಪಾದಕರಿಲ್ಲದ ಪುಸ್ತಕಗಳಲ್ಲಿ ಈ ಅಂಟು ಬಹಳ. ಹಿಟ್ಟು ಬೇಯದ ರೊಟ್ಟಿಗೆ ತುಪ್ಪ ಸವರಿದ ಹಾಗೆ.

ನಿಮ್ಮಲ್ಲಿ ಕೆಲವರು, ಮುಖ್ಯವಾಗಿ ತಾಯಂದಿರು, ಮಕ್ಕಳಿಗೆ ಮಲಗುವಾಗ ಹೇಳಿದ ಕಥೆಗಳನ್ನು ಬರೆದಿಟ್ಟಿರಬಹುದು. ಅವುಗಳನ್ನು ಅಚ್ಚಿಗೆ ಕೊಡುವ ಆಸೆಯೂ ಇರಬಹುದು. ಧಾರಾಳವಾಗಿ ಕೊಡಿ. ಆದರೆ ಡಿ.ಟಿ.ಪಿ. ಅಂಗಡಿಗೆ ಮುಂಗಡ ಕೊಡುವ ಮೊದಲು ಹಸ್ತಪ್ರತಿಯನ್ನು ನೆರೆಮನೆಗೆ ಕೊಟ್ಟು, ಅವರ ಮಕ್ಕಳಿಗೆ ಅವರೇ ಗಟ್ಟಿಯಾಗಿ ಓದಿ ಹೇಳಲಿ. ನೀವು ಅಲ್ಲಿರಬೇಡಿ. ಸ್ವಂತ ಮಕ್ಕಳು ಉಮ್ಮನ ಕಥೆಯನ್ನು ಹೇಗಿದ್ದರೂ ಮೆಚ್ಚುತ್ತಾರೆ, ನೆರೆಮನೆಯ ಮಗುವಿಗೆ ಆ ಹಂಗಿಲ್ಲ. ಯಾವ ಪುಟದಲ್ಲಿ ಅದು ಎದ್ದು ನೀರು ಕುಡಿಯಲು ಹೋಯಿತೆಂದು ಕೇಳಿ ತಿಳಿದುಕೊಳ್ಳಿ. ಆ ಪುಟಕ್ಕೆ ಗುರುತು ಹಾಕಿ. ಕನ್ನಡ ಬಲ್ಲ ಮೇಷ್ಟ್ರೊಬ್ಬರಿಗೆ ಕರಡು ತೋರಿಸಿ, ಅವರ ಶ್ರಮಕ್ಕೆ ಹಣ ಕೊಡಿ. ಪುಕ್ಕಟೆ ಓದಿದವರು ಸಾಮಾನ್ಯವಾಗಿ ಹೊಗಳಿಯೇ ಮುಗಿಸುತ್ತಾರೆ. ಮತ್ತು ಮೊದಲ ಸಲಕ್ಕೇ ಸಾವಿರ ಪ್ರತಿ ಹಾಕಿಸಿ ಮಂಚದಡಿ ತುಂಬಿಸಬೇಡಿ. ಪಾಟರ್ ಮೊದಲು ಹಾಕಿಸಿದ್ದು 250 ಪ್ರತಿ. ಅದು ಮುಗಿದ ಮೇಲೆ, 1902ರ ಫೆಬ್ರವರಿಯಲ್ಲಿ, ಇನ್ನು 200.