ದಣಿವರಿಯದವಳು ಎಂಬ ಬಿರುದು

ಮೊಹಲ್ಲಾದಲ್ಲಿ ವಯಸ್ಸಾದ ಹೆಂಗಸೊಬ್ಬರು ತೀರಿಕೊಂಡರೆ ಸಾವಿನ ಮನೆಯ ಮುಂದೆ ಕುಳಿತ ಗಂಡಸರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: 'ಪಾಪ, ಒಂದು ದಿನವೂ ಸುಮ್ಮನೆ ಕೂತವರಲ್ಲ.' ಕೇಳಿದವರೆಲ್ಲ ತಲೆದೂಗುತ್ತಾರೆ. ನಾವೂ ತಲೆದೂಗಿದ್ದೇವೆ. ಅಷ್ಟೇ ಅಲ್ಲ, ಅಂಥ ತಾಯಂದಿರನ್ನು ನಮ್ಮ ಕತೆಗಳಲ್ಲಿ ತಂದು ಕೂರಿಸಿ (ಕೂರಿಸಿ ಎಲ್ಲಿ ಬಂತು, ಒಲೆಯ ಮುಂದೆ ನಿಲ್ಲಿಸಿ) ಓದುಗರಿಂದ ಮೆಚ್ಚುಗೆಯ ಪತ್ರಗಳನ್ನೂ ಪಡೆದಿದ್ದೇವೆ. ಅದು ಹೊಗಳಿಕೆಯೋ ಸತ್ತವರ ಪರವಾದ ದೂರೋ ಎಂದು ಯೋಚಿಸುವುದಕ್ಕೆ ನಮ್ಮ ಆಪಾ ಅಡುಗೆಮನೆಯಲ್ಲಿ ಕುಸಿಯಬೇಕಾಯಿತು.

ಅದು ರಮಝಾನಿನ ಕೊನೆಯ ವಾರ. ಸಹರಿಗೆ ಎಲ್ಲರಿಗಿಂತ ಮೊದಲು ಏಳುವವರು ಅವರು, ರಾತ್ರಿ ಪಾತ್ರೆ ತೊಳೆದಿಟ್ಟು ಎಲ್ಲರಿಗಿಂತ ಕೊನೆಗೆ ಮಲಗುವವರೂ ಅವರೇ. ಮಧ್ಯಾಹ್ನದಿಂದಲೇ ಸಮೋಸಾದ ಹಿಟ್ಟು, ಈರುಳ್ಳಿ, ಖೀಮಾ. ಇವುಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಮೊರದ ಮುಂದೆ ಕೂತು ಬೀಡಿ ಕಟ್ಟುವುದು. ಸಾವಿರಕ್ಕೆ ಇಷ್ಟು ಎಂಬ ಕೂಲಿಯಲ್ಲಿ ಕೈ ನಿಂತರೆ ಕಾಸೂ ನಿಲ್ಲುತ್ತದೆ. ಬೆನ್ನು ಹಿಡಿದುಕೊಳ್ಳುತ್ತಿದೆ, ನಿದ್ದೆ ಹತ್ತುತ್ತಿಲ್ಲ, ಯಾರು ಮಾತಾಡಿಸಿದರೂ ಸಿಟ್ಟು ಬರುತ್ತದೆ ಎಂದು ಅವರು ಶಾಬಾನ್ ತಿಂಗಳಲ್ಲೇ ಹೇಳಿದ್ದರು. 'ಈದ್ ಮುಗಿಯಲಿ ಆಪಾ, ಡಾಕ್ಟರ ಹತ್ತಿರ ಹೋಗೋಣ' ಎಂದಿದ್ದೆವು. ಅವರು ಕುಸಿದ ದಿನ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಯಾವುದು ಗೊತ್ತೇ? ಇಫ್ತಾರಿಗೆ ಏನು ಮಾಡುವುದು!

ನಿಮ್ಮ ಮಿತಿಯನ್ನು ಅರಿಯಿರಿ, ಬಳಲಿ ಬೀಳುವ ಮೊದಲೇ ವಿಶ್ರಾಂತಿ ಪಡೆಯಿರಿ ಎಂದು ಪತ್ರಿಕೆಗಳ ಆರೋಗ್ಯ ಪುಟಗಳು ಬುದ್ಧಿ ಹೇಳುತ್ತವೆ. ಒಳ್ಳೆಯ ಬುದ್ಧಿಯೇ. ಆದರೆ ಆಪಾಗೆ ತಮ್ಮ ಮಿತಿ ಗೊತ್ತಿರಲಿಲ್ಲವೇ? ಗೊತ್ತಿತ್ತು, ಬಾಯಿ ಬಿಟ್ಟು ಹೇಳಿಯೂ ಇದ್ದರು. ಅರಿಯದೆ ಹೋದವರು ಅವರ ಕೈಯಡುಗೆ ಉಣ್ಣುತ್ತಿದ್ದ ನಾವು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ವಿವರಿಸಿತು. ಮೈಯ ಶಕ್ತಿಯೆಲ್ಲ ಬತ್ತುವುದು, ಮಾಡುವ ಕೆಲಸದಿಂದ ಮನಸ್ಸು ದೂರವಾಗುವುದು, ತನ್ನ ಕೈಯಿಂದ ಏನೂ ಆಗದು ಅನ್ನಿಸುವುದು. ಇದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದ ಸಂಸ್ಥೆ, ಬದುಕಿನ ಬೇರೆ ಕ್ಷೇತ್ರಗಳಿಗೆ ಈ ಪದವನ್ನು ಅನ್ವಯಿಸಬಾರದು ಎಂದೂ ಸೇರಿಸಿತು. ಒಲೆಯ ಮುಂದೆ ಬಸವಳಿದವಳ ದಣಿವಿಗೆ ಅಲ್ಲಿಯೂ ಹೆಸರಿಲ್ಲ!

ಇನ್ನು ನಮ್ಮ ಉದ್ಯಮಪತಿಗಳ ಮಾತು ಕೇಳಿ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಅಪ್ಪಣೆ ಕೊಡಿಸಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂಬುದು ಅವರ ಪ್ರಶ್ನೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಹೇಳಿದ್ದವು. ಅದಿರಲಿ. 90 ಗಂಟೆ ಕಚೇರಿಯಲ್ಲಿರುವ ಗಂಡಸಿಗೆ ಅನ್ನ ಬೇಯಿಸುವವರು, ಅವನ ಅಂಗಿ ಒಗೆಯುವವರು ಯಾರು? ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ವಾರಕ್ಕೆ ಲೆಕ್ಕ ಹಾಕಿದರೆ ಹೆಂಗಸಿನ ಪಾಲು ಸುಮಾರು 34 ಗಂಟೆ. ಇದರ ಮೇಲೆ ಬೀಡಿಯೋ ಹೊಲಿಗೆಯೋ ನೌಕರಿಯೋ ಬೇರೆ. ಮುಖ ನೋಡಿಸಿಕೊಳ್ಳಲು ಆಕೆಗೆ ಪುರುಸೊತ್ತೆಲ್ಲಿ?

'ಅವರು ಪ್ರೀತಿಯಿಂದ ಮಾಡುತ್ತಾರೆ, ಬೇಡವೆಂದರೂ ಕೇಳುವುದಿಲ್ಲ' ಎನ್ನುವವರಿದ್ದಾರೆ. ಬೇಡವೆಂದು ಹೇಳಿ ಪಾತ್ರೆಯನ್ನು ತೊಳೆದವರು ಎಷ್ಟು ಮಂದಿ? ರಾತ್ರಿಯಿಡೀ ನಮಾಝಿನಲ್ಲಿ ನಿಲ್ಲುತ್ತಿದ್ದ ಅಬೂದರ್ದಾರನ್ನು ಸಲ್ಮಾನ್ ಫಾರಿಸಿ ತಡೆದು ಮಲಗಿಸಿದ್ದು, ದೇಹಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ ಎಂದದ್ದು, ಪ್ರವಾದಿಯವರು ಅದನ್ನು ಸರಿಯೆಂದದ್ದು ಎಲ್ಲರಿಗೂ ಗೊತ್ತಿರುವ ಪ್ರಸಂಗ. ಆರಾಧನೆಗೇ ಮಿತಿಯಿದೆ. ಸಮೋಸಾಕ್ಕಿಲ್ಲವೇ? ಈ ಪ್ರಸಂಗವನ್ನು ಪ್ರವಚನದಲ್ಲಿ ಸೊಗಸಾಗಿ ವಿವರಿಸಿ, ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಚಹಾ ಕೇಳುವವರನ್ನು ನಾವು ಬಲ್ಲೆವು.

ಆಪಾ ಈಗ ಬೀಡಿಯನ್ನು ಅರ್ಧಕ್ಕೆ ಇಳಿಸಿದ್ದಾರೆ. ಕಡಿಮೆಯಾದ ಹಣವನ್ನು ನಾವು ತಮ್ಮಂದಿರು ತುಂಬಿಕೊಡುತ್ತೇವೆ. ಇದರಲ್ಲಿ ಔದಾರ್ಯವೇನಿಲ್ಲ, ಹಳೆಯ ಸಾಲ. ಕಳೆದ ರಮಝಾನಿನಲ್ಲಿ ಇಫ್ತಾರಿಗೆ ಖರ್ಜೂರ, ಹಣ್ಣು, ಗಂಜಿ ಸಾಕೆಂದಾಯಿತು. ಮಕ್ಕಳು ಎರಡು ದಿನ ಮುಖ ಊದಿಸಿಕೊಂಡರು, ಮೂರನೆಯ ದಿನ ಮರೆತರು. ಮಧ್ಯಾಹ್ನ ಆಪಾ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಲಗುತ್ತಾರೆ. ಮೊನ್ನೆ ಬಂದ ನೆಂಟರೊಬ್ಬರು ಮುಚ್ಚಿದ ಬಾಗಿಲು ನೋಡಿ ಗಾಬರಿಯಿಂದ, 'ಯಾಕೆ, ಹುಷಾರಿಲ್ಲವೇ?' ಎಂದು ಕೇಳಿದರು. ಚೆನ್ನಾಗಿದ್ದಾರೆ, ಮಲಗಿದ್ದಾರೆ ಎಂದೆವು. 'ಚೆನ್ನಾಗಿದ್ದರೆ ಯಾಕೆ ಮಲಗಿದ್ದಾರೆ?' ಎಂದರು.