ಒಲೆ ಸೋಲಲಿಲ್ಲ



ಕಳೆದ ವಾರ ಮನ್ಮನೆ ಕಡೆಯ ನೆಂಟರ ಮನೆಯಲ್ಲಿ ಊಟ ಮುಗಿಸಿ, ಜಗುಲಿಯ ಮೇಲೆ ಕವಳ ಹಾಕುತ್ತ ಕುಳಿತಿದ್ದಾಗ ಮಾತು ಅಸ್ತ್ರ ಒಲೆಯ ಕಡೆಗೆ ತಿರುಗಿತು. "ಅದು ನಮ್ಮ ಮಲೆನಾಡಿಗೆ ಹೇಳಿದ್ದಲ್ಲ. ವಿಜ್ಞಾನಿಗಳು ಸೋತರು" ಎಂದು ಒಬ್ಬರು ತೀರ್ಪಿತ್ತರು. ಉಳಿದ ಗಂಡಸರು ತಲೆದೂಗಿದರು. ನಾನೂ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಆ ಮೌನವು ತಪ್ಪೆಂದು ತೋರಿತು. ಆದ್ದರಿಂದ ಈ ಬರಹ.

ಕಿರಿಯರಿಗಾಗಿ ಎರಡು ಮಾತು. ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯಬೇಕೆಂಬ ಧ್ಯೇಯದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. 1980ರ ದಶಕದಲ್ಲಿ ಅದು ಹಳ್ಳಿಗಳಿಗೆ ಕೊಟ್ಟ ಮೂರು ಪಾತ್ರೆಗಳ ಒಲೆಯೇ ಅಸ್ತ್ರ ಒಲೆ. ಕಟ್ಟಿಗೆಯು ಜಾಲರಿಯ ಮೇಲೆ ಉರಿಯುತ್ತದೆ. ಗಾಳಿ ಕೆಳಗಿನಿಂದ ಬರುತ್ತದೆ. ಬಿಸಿಹೊಗೆಯು ಹಿಂದಿನ ಪಾತ್ರೆಗಳ ತಳವನ್ನೂ ಸವರಿ, ಚಿಮಣಿಯ ಮೂಲಕ ಮಾಡಿನಾಚೆ ಹೋಗುತ್ತದೆ. ಸೌದೆ ಉಳಿಯಿತು, ಅಡುಗೆಮನೆಗೆ ಬೆಳಕು ಬಂತು. ಕರಾರು ಒಂದೇ: ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯಬೇಕು, ಹೊಗೆದಾರಿಯ ಮಸಿಯನ್ನು ಆಗಾಗ ಕೆರೆಯಬೇಕು.

ನಮ್ಮಲ್ಲಿ ಮಳೆಗಾಲದ ಕಟ್ಟಿಗೆ ಎಂದಿಗೂ ಪೂರ್ತಿ ಒಣಗಿದ್ದಲ್ಲ. ಅರೆಬರೆ ಉರಿದ ಹೊಗೆಯ ಅಂಟು ಚಿಮಣಿಯ ಒಳಮೈಗೆ ಹತ್ತುತ್ತ, ದಾರಿ ಕಿರಿದಾಗುತ್ತ ಬರುತ್ತದೆ. ಎಳೆತ ಕುಗ್ಗಿದೊಡನೆ ಹೊಗೆ ಒಲೆಬಾಯಿಯಿಂದಲೇ ಮರಳುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಬಿಸಿಗಾಳಿ ಏಕೆ ಮೇಲೇರುತ್ತದೆಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಬಂದ ಮಾಸ್ತರ, ಮನೆಯಲ್ಲಿ ಕೆಮ್ಮುತ್ತ ಊದುಗೊಳವೆ ಹಿಡಿದು ಕುಳಿತ ಆಯಿಗೆ "ಈ ಒಲೆಯೇ ಸರಿಯಿಲ್ಲ" ಎಂದಷ್ಟೇ ಹೇಳಿದ. ಹಳೆಯ ದೋಟಿಯ ತುದಿಗೆ ಗೋಣಿಚಿಂದಿ ಕಟ್ಟಿ ನಾಲ್ಕು ಸಲ ಎಳೆದಿದ್ದರೆ ಸಾಕಿತ್ತು. ಅವನು ಏಣಿ ಹತ್ತಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಒಲೆಯನ್ನು ಒಡೆಸಿದೆ. ಆಯಿಯ ಕೆಮ್ಮು ಉಳಿಯಿತು.

ನಮಗೆ ಬಿಡುವಿರಲಿಲ್ಲವೆ? ನಿಗಾ ಗೊತ್ತಿರಲಿಲ್ಲವೆ? ಮಳೆಗೆ ಮುನ್ನ ತೋಟದ ಬಸಿಗಾಲುವೆಗಳ ಹೂಳನ್ನು ತಪ್ಪದೆ ಎತ್ತಿಸುತ್ತಿದ್ದೆವು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಸಂಜೆಯೇ, ಮೈಲುತುತ್ತು ಪಂಪನ್ನು ತಿಂದೀತೆಂದು ನೀರು ಹಾಯಿಸಿ ತೊಳೆದಿಡುತ್ತಿದ್ದೆವು. ತೋಟದ ಕಾಲುವೆ ಕಟ್ಟಿದರೆ ಅಡಕೆ ಹೋಗುತ್ತದೆ. ಅಡುಗೆಮನೆಯ ಹೊಗೆಕಾಲುವೆ ಕಟ್ಟಿದರೆ ಹೋಗುವುದು ಹೆಂಗಸರ ಕಣ್ಣು, ಎದೆ. ಅವಕ್ಕೆ ಶಿರಸಿಯ ಪೇಟೆಯಲ್ಲಿ ಧಾರಣೆಯಿರಲಿಲ್ಲ.

ಒಲೆಯಲ್ಲಿ ಕೊರತೆಯೇ ಇರಲಿಲ್ಲವೆನ್ನುವುದಿಲ್ಲ. ಬಾಯಿ ಚಿಕ್ಕದು, ಕಟ್ಟಿಗೆಯನ್ನು ಸಣ್ಣಗೆ ಸೀಳಬೇಕಿತ್ತು. ಹಾಗೆ ಸೀಳುವ ಹೊರೆಯೂ ಯಾರ ಪಾಲಿಗೆ ಬಂತೆಂದು ಜಗುಲಿಯ ಮೇಲೆ ಯಾರೂ ಕೇಳಲಿಲ್ಲ. ಸೋತದ್ದು ಮಸಿಗೆ ಕೈ ಹಾಕಲೊಲ್ಲದ ನಾವು.

ಇದು ಮುಗಿದ ಕಥೆಯೆನ್ನಬೇಡಿ. ಈಗ ನಿಮ್ಮ ಮನೆಗಳಲ್ಲಿ ಓವನ್‌, ಗ್ರಿಲ್‌ಗಳಿವೆ. ಹಿಂದಿನ ತಿಂಗಳು ಬೆಂಗಳೂರಿನಲ್ಲಿ ಮಗ, "ಓವನ್ ಹೊಗೆಯಾಡುತ್ತಿದೆ, ಹೊಸದು ತರೋಣ" ಎಂದ. ಅದೇ ಮಾತು, ಅದೇ ದನಿ! ನಾನೇ ಕೈ ಹಾಕಿದೆ. ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ತಳದ ತಟ್ಟೆಯಲ್ಲಿ ಕರಕಲಾಗಿದ್ದ ಚೂರುಗಳನ್ನು ಕೊಡವಿದೆ. ಗ್ರಿಲ್ಲಿನ ಸರಳುಗಳನ್ನು ಬಿಸಿ ಸಾಬೂನುನೀರಿನಲ್ಲಿ ನೆನೆಸಿದೆ. ಅಡುಗೆಸೋಡವನ್ನು ನೀರಿನಲ್ಲಿ ಕಲಸಿ, ವಿದ್ಯುತ್ತಿನಿಂದ ಕಾಯುವ ಕಡ್ಡಿಗಳಿಗೆ ತಾಗದಂತೆ ಒಳಗೋಡೆಗೆ ಸವರಿ, ಅರ್ಧ ತಾಸಿನ ಬಳಿಕ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಿದೆ. ಆಯಿ ಪಾತ್ರೆ ತಿಕ್ಕುತ್ತಿದ್ದ ಕಟ್ಟಿಗೆಬೂದಿಯಲ್ಲೂ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಜಿಡ್ಡು ಬಿಡಿಸುವ ಗುಣ ಎರಡಕ್ಕೂ ಒಂದೇ. ಅಂಗಡಿಯ ಕೆಲವು ಓವನ್ ಕ್ಲೀನರ್‌ಗಳಲ್ಲಿ ಕಾಸ್ಟಿಕ್ ಸೋಡ ಇರುತ್ತದೆ, ಅದು ಅಲ್ಯೂಮಿನಿಯಮನ್ನು ತಿನ್ನುತ್ತದೆ, ಚರ್ಮವನ್ನೂ ಸುಡುತ್ತದೆ. ಜೋಕೆ. ಹೊಗೆ ನಿಂತಿತು. ಹೊಸ ಓವನ್ ಬೇಕಾಗಲಿಲ್ಲ.

ಇದನ್ನು ಫೋನಿನಲ್ಲಿ ಹೇಳಿದಾಗ ಅಮೆರಿಕದಲ್ಲಿರುವ ಶಿಷ್ಯನೊಬ್ಬ, "ಸರ್, ನಮ್ಮ ಓವನ್ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ" ಎಂದ. ನಿಜ. ಅಂಥವು ಸುಮಾರು 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಜಿಡ್ಡನ್ನೆಲ್ಲ ಬೂದಿ ಮಾಡುತ್ತವೆ. "ಆ ಬೂದಿಯನ್ನು ಒರೆಸುವವರು ಯಾರಪ್ಪ?" ಎಂದು ಕೇಳಿದೆ. ಅವನು ನಕ್ಕು ಮಳೆಯ ವಿಷಯ ಎತ್ತಿದ.

ಗಂಡುಮಕ್ಕಳೇ, ನನ್ನ ತರಗತಿಯಲ್ಲಿ ಕುಳಿತಿದ್ದವರೇ, ಇದನ್ನು ತಡವಾದ ಗೃಹಪಾಠವೆಂದು ತಿಳಿಯಿರಿ. ಈ ಭಾನುವಾರ ಮನೆಯ ಓವನನ್ನೋ ಒಲೆಯನ್ನೋ ನೀವೇ ತೊಳೆಯಿರಿ. ಮುಂದಿನ ತಿಂಗಳೂ ತೊಳೆಯಿರಿ. ಮುಗಿಸಿದ್ದನ್ನು ನನಗೆ ತಿಳಿಸುವ ಅಗತ್ಯವಿಲ್ಲ. ನಾನು ಈ ಪಾಠವನ್ನು ಕಲಿತದ್ದು ಆಯಿ ಹೋದ ಮೇಲೆ.